ಮೊದಲು ಡ್ರಾಯಿಂಗ್ ಮಾಸ್ತರು ಬರಲಿ

ಕಲಬುರಗಿಯಲ್ಲಿ ಸನ್ಮಾನ, ನಾಟಕ, ವಿಚಾರ ಸಂಕಿರಣ ಏನೇ ನಡೆಯಲಿ, ಆಮಂತ್ರಣ ಪತ್ರಿಕೆಯಲ್ಲಿ ಸ್ಥಳದ ಮುಂದೆ ಮೇಲಿಂದ ಮೇಲೆ ಕಾಣುವ ಹೆಸರು ಡಾ. ಎಸ್.ಎಂ. ಪಂಡಿತ ರಂಗಮಂದಿರ. ಒಳಗೆ ಕೂತವರಲ್ಲಿ ಎಷ್ಟು ಜನಕ್ಕೆ ಈ ಪಂಡಿತರು ಯಾರೆಂದು ಗೊತ್ತಿದೆಯೋ! ಸಂಗೀತಗಾರರೋ ಸಂಸ್ಕೃತ ವಿದ್ವಾಂಸರೋ ಇರಬೇಕೆಂದು ಅಂದುಕೊಂಡವರೂ ಇದ್ದಾರು. ಪಂಡಿತರು ಚಿತ್ರ ಬರೆದು ಬದುಕಿದವರು. 1916ರಲ್ಲಿ ಇದೇ ಊರಿನಲ್ಲಿ, ಅಂದಿನ ಗುಲ್ಬರ್ಗದಲ್ಲಿ ಹುಟ್ಟಿ, ಮುಂಬೈ ಸೇರಿ, ಸಿನಿಮಾದ ಷೋಕಾರ್ಡು, ಪತ್ರಿಕೆಯ ಮುಖಪುಟ, ಗೋಡೆಯ ಕ್ಯಾಲೆಂಡರು ಬರೆದೇ ದೇಶಕ್ಕೆಲ್ಲ ಪರಿಚಿತರಾದವರು. ಪೇಟೆಗಾಗಿ ಚಿತ್ರ ಬರೆದವನ ಹೆಸರನ್ನು ರಂಗಮಂದಿರಕ್ಕೆ ಇಟ್ಟುಕೊಂಡ ಜಿಲ್ಲೆ ಇದು. ಇದೇ ಜಿಲ್ಲೆಯಲ್ಲಿ ಮಗ ಚಿತ್ರಗಾರನಾಗುತ್ತೇನೆ ಎಂದರೆ ಅಪ್ಪನಿಗೆ ಎದೆ ಧಸಕ್ಕೆನ್ನುತ್ತದೆ. ಹಾಗೆ ಹೆದರಲು ಅಪ್ಪನಿಗೆ ಕಾರಣವೂ ಇದೆ.

ಇದೇ ಜಿಲ್ಲೆಯ ಶಹಾಬಾದದ ಮಗ್ಗುಲಿನ ಭಂಕೂರವನ್ನೇ ತೆಗೆದುಕೊಳ್ಳಿ. ಸುತ್ತಲೂ ಸುಣ್ಣಕಲ್ಲಿನ ನೆಲ. ಒಂದು ಕಡೆ ಫರ್ಸಿ ಗಣಿ, ಇನ್ನೊಂದು ಕಡೆ ಸಿಮೆಂಟ್ ಕಾರ್ಖಾನೆ. ಶಹಾಬಾದ್ ಕಲ್ಲು ಎಂದು ಎಲ್ಲೆಲ್ಲಿಯದೋ ಮನೆಗಳಿಗೆ ಹಾಸಿದ ಕಲ್ಲು ಈ ನೆಲದ್ದು. ಮನೆಯೊಳಗಿನ ಫರ್ಸಿಯೇ ಇಲ್ಲಿನ ಮಕ್ಕಳ ದೊಡ್ಡ ಪಾಟಿ. ಬೂದು ಬಣ್ಣದ ಆ ಕಲ್ಲಿನ ಮೇಲೆ ಬಳಪದ ಗೆರೆ ಗಟ್ಟಿಯಾಗಿ ಕೂರುತ್ತದೆ, ಒದ್ದೆ ಬಟ್ಟೆ ಎಳೆದರೆ ಹೋಗುತ್ತದೆ. ಅವ್ವ ಬೈಯುವ ತನಕ ಆನೆ, ರೈಲು, ಛೋಟಾ ಭೀಮ ಎಲ್ಲ ಅದರ ಮೇಲೆ ಓಡಾಡುತ್ತವೆ. ಎಂಟನೆಯ, ಒಂಬತ್ತನೆಯ ತರಗತಿಯ ಹೊತ್ತಿಗೆ ಆ ಕೈ ನಿಲ್ಲುತ್ತದೆ. ನಿಲ್ಲದ ಒಂದಿಬ್ಬರ ವಿಷಯದಲ್ಲಿ ಹೆತ್ತವರು ಕೇಳುವ ಪ್ರಶ್ನೆ ಒಂದೇ: ‘ಚಿತ್ರಾ ಬರದ್ರ ಹೊಟ್ಟಿ ತುಂಬತದೇನ್ರಿ ಸರ?’

ಈ ಪ್ರಶ್ನೆಗೆ ಈಗ ಒಂದು ಸಿದ್ಧ ಉತ್ತರ ಹುಟ್ಟಿಕೊಂಡಿದೆ. ಬೆಂಗಳೂರು, ಹೈದರಾಬಾದುಗಳ ಅನಿಮೇಷನ್ ಸಂಸ್ಥೆಗಳ ಜಾಹೀರಾತು ಮೊಬೈಲಿಗೇ ಬರುತ್ತದೆ. ಲಕ್ಷಗಟ್ಟಲೆ ಫೀಸು ಕಟ್ಟಿ, ವರ್ಷವೋ ಎರಡು ವರ್ಷವೋ ಸಾಫ್ಟ್‌ವೇರ್ ಕಲಿತರೆ ಸಾಕು, ಸ್ಟುಡಿಯೊ ಬಾಗಿಲು ತೆರೆದಿರುತ್ತದೆ ಎನ್ನುತ್ತದೆ ಅದು. ಹೊಲ ಅಡವಿಟ್ಟು ಮಗನನ್ನು ಕಳಿಸುವವರೂ ಇರುತ್ತಾರೆ. ನನ್ನ ವಾದ ಇಷ್ಟು: ಅನಿಮೇಷನ್ ಚಿತ್ರ ನಿರ್ದೇಶಕನಾಗುವ ದಾರಿ ಹಳ್ಳಿಯ ಸರ್ಕಾರಿ ಶಾಲೆಯ ಡ್ರಾಯಿಂಗ್ ಪೀರಿಯಡ್ಡಿನಿಂದಲೇ ಶುರುವಾಗಬೇಕು. ಆ ಪೀರಿಯಡ್ ಸತ್ತಿರುವಾಗ ಬೆಂಗಳೂರಿನಲ್ಲಿ ಏನು ಕಟ್ಟಿದರೂ ಭಂಕೂರದ ಮಗುವಿಗೆ ಅದರಿಂದ ಸಿಗುವುದು ಕಡಿಮೆ ದರ್ಜೆಯ ಕೆಲಸವೇ.

ಅನಿಮೇಷನ್ನಿನ ಕೆಲಸ ಒಳಗೆ ಹೇಗಿರುತ್ತದೆ ಎಂದು ನೋಡಿದರೆ ಇದು ತಿಳಿಯುತ್ತದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಒಂದೊಂದು ಚಿತ್ರವನ್ನು ಎರಡು ಚೌಕಟ್ಟಿನಷ್ಟು ಹೊತ್ತು ನಿಲ್ಲಿಸಿದರೂ ಸೆಕೆಂಡಿಗೆ 12 ಚಿತ್ರ ಬೇಕು. ಕೈಯಲ್ಲೇ ಬರೆಯುವುದಾದರೆ ಹತ್ತು ನಿಮಿಷದ ಕಿರುಚಿತ್ರಕ್ಕೆ 7,200. ಇವನ್ನೆಲ್ಲ ಒಬ್ಬನೇ ಬರೆಯುವುದಿಲ್ಲ. ಅವ್ವ ನೀರಿನ ಕೊಡ ಎತ್ತಿ ಸೊಂಟಕ್ಕೆ ಇಟ್ಟುಕೊಳ್ಳುವ ದೃಶ್ಯ ಎನ್ನಿ. ಬಗ್ಗಿದ್ದು, ಕೊಡದ ಕಂಠಕ್ಕೆ ಕೈ ಹಾಕಿದ್ದು, ಮೈಭಾರವೆಲ್ಲ ಹಿಮ್ಮಡಿಗೆ ಇಳಿದದ್ದು, ಕೊಡ ಮೊಳಕಾಲಿನ ಮಟ್ಟಕ್ಕೆ ಬಂದದ್ದು, ಸೊಂಟಕ್ಕೆ ಕೂತದ್ದು. ಈ ಮುಖ್ಯ ಚಿತ್ರಗಳನ್ನು ಹಿರಿಯ ಕಲಾವಿದ ಬರೆಯುತ್ತಾನೆ. ಇವುಗಳ ನಡುವಿನ ಚಲನೆಯನ್ನು ತುಂಬುವ ಚಿತ್ರಗಳನ್ನು ಕೈಕೆಳಗಿನವರು ಬರೆಯುತ್ತಾರೆ. ಅದಕ್ಕೆ ಇನ್‌ಬಿಟ್ವೀನ್ ಎನ್ನುತ್ತಾರೆ. ಈಗ ನಿರ್ದೇಶಕನ ಕೆಲಸ ನೋಡಿ. ಕೊಡ ತುಂಬಿದೆಯೋ ಬರಿದೋ ಎಂಬುದನ್ನು ಕೊಡದ ಚಿತ್ರ ಹೇಳಲಾರದು, ಅದು ಮೇಲೆ ಬರಲು ತೆಗೆದುಕೊಳ್ಳುವ ಹೊತ್ತು ಹೇಳುತ್ತದೆ. ನಡುವೆ ನಾಲ್ಕೇ ಚಿತ್ರ ಹಾಕಿದರೆ ಬರಿಗೊಡ. ಎತ್ತುವ ಮುಂಚೆ ಒಂದು ಕ್ಷಣ ತಡೆದು, ಮೊದಲ ಗೇಣು ಏರಲು ಹತ್ತು ಚಿತ್ರ ಕೊಟ್ಟರೆ ತುಂಬಿದ ಕೊಡ. ಇನ್ನೂ ನಾಲ್ಕು ಸೇರಿಸಿ ಹುಬ್ಬು ಗಂಟಿಕ್ಕಿಸಿದರೆ ಅವ್ವನಿಗೆ ಬೆನ್ನುನೋವು. ಈ ಲೆಕ್ಕ ಯಾವ ಸಾಫ್ಟ್‌ವೇರಿನ ಮೆನುವಿನಲ್ಲೂ ಇಲ್ಲ. ಬೋರ್‌ವೆಲ್ಲಿನ ಮುಂದೆ ಸರತಿಯಲ್ಲಿ ನಿಂತು, ನೋಡಿ, ನೋಡಿದ್ದನ್ನು ಬರೆದು ಬರೆದು ಬರುವ ವಿದ್ಯೆ ಅದು.

ಚಿತ್ರ ಕಲಿಯದೆ ಬರಿ ಸಾಫ್ಟ್‌ವೇರ್ ಕಲಿತು ಹೋದ ಹುಡುಗನಿಗೆ ಸ್ಟುಡಿಯೊದಲ್ಲಿ ಸಿಗುವುದು ಏನು? ನಮ್ಮ ದೇಶದ ಅನಿಮೇಷನ್ ಉದ್ಯಮ ಬಹುಕಾಲ ಬೆಳೆದದ್ದು ಹೊರದೇಶದ ಗುತ್ತಿಗೆಯ ಮೇಲೆ. ಕಥೆ, ಪಾತ್ರಗಳ ರೂಪ, ದೃಶ್ಯಗಳನ್ನು ಸಾಲಾಗಿ ಬರೆದ ಸ್ಟೋರಿಬೋರ್ಡ್ ಅಲ್ಲಿಂದ ಸಿದ್ಧವಾಗಿ ಬರುತ್ತವೆ. ನಡುವಿನ ಚಿತ್ರ ತುಂಬುವುದು, ಗೆರೆ ತಿದ್ದುವುದು, ಬಣ್ಣ ಹಚ್ಚುವುದು ಇಲ್ಲಿ ಆಗುತ್ತದೆ. ವಿಎಫ್‌ಎಕ್ಸ್ (ಸಿನಿಮಾದ ದೃಶ್ಯ ಪರಿಣಾಮಗಳ) ಕಡೆ ಹೋದರೆ ರೋಟೊ: ನಟನ ಸುತ್ತ ಚೌಕಟ್ಟು ಚೌಕಟ್ಟಿಗೂ ಗೆರೆ ಎಳೆದು ಅವನನ್ನು ಹಿನ್ನೆಲೆಯಿಂದ ಬೇರ್ಪಡಿಸುವುದು. ಮರ್ಯಾದೆಯ ದುಡಿಮೆಯೇ, ಹಗುರಾಗಿ ಹೇಳುತ್ತಿಲ್ಲ. ಆದರೆ ಅಲ್ಲಿಂದ ನಿರ್ದೇಶಕನ ಕುರ್ಚಿಗೆ ಹೋಗಲು ಗೆರೆಯ ಮೇಲೆ ಹಿಡಿತ, ಕಥೆ ಕಟ್ಟುವ ಕಣ್ಣು ಎರಡೂ ಬೇಕು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ದಿನಕ್ಕೆ ಹತ್ತು ತಾಸು ರೋಟೊ ಮಾಡುತ್ತ ಅವನ್ನು ಹೊಸದಾಗಿ ಕಲಿಯುವುದು ಆಗದ ಮಾತು.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಬರುತ್ತದೆ, ಅದನ್ನು ಜಾರಿಸಿಬಿಡುವುದು ಸರಿಯಲ್ಲ. ಛೋಟಾ ಭೀಮನನ್ನು ಹುಟ್ಟಿಸಿದ ರಾಜೀವ್ ಚಿಲಕ ಅಮೆರಿಕದಲ್ಲಿ ಕಂಪ್ಯೂಟರ್ ಓದಿ ಸಾಫ್ಟ್‌ವೇರ್ ನೌಕರಿಯಲ್ಲಿದ್ದವರು. ಆಮೇಲೆ ಅನಿಮೇಷನ್ ಕಲಿತು, ಹೈದರಾಬಾದಿನಲ್ಲಿ ಗ್ರೀನ್ ಗೋಲ್ಡ್ ಕಟ್ಟಿದರು. 2008ರಲ್ಲಿ ಭೀಮ ಪೋಗೊ ವಾಹಿನಿಗೆ ಬಂದ. ನಮ್ಮ ಗೋವಿನ ಹಾಡಿನ ಕಥೆಯನ್ನು ಸಂಸ್ಕೃತದಲ್ಲಿ ‘ಪುಣ್ಯಕೋಟಿ’ ಎಂಬ ಅನಿಮೇಷನ್ ಚಿತ್ರ ಮಾಡಿದ ಬೆಂಗಳೂರಿನ ರವಿಶಂಕರ್ ಇನ್ಫೊಸಿಸ್‌ನಲ್ಲಿ ಕೆಲಸ ಮಾಡಿದವರು. ಜನರಿಂದ ದೇಣಿಗೆ ಕೂಡಿಸಿ, ಬೇರೆ ಬೇರೆ ಊರಿನ ಅನಿಮೇಟರುಗಳಿಂದ ಚಿತ್ರ ಬರೆಸಿ, ಇಳಯರಾಜ ಅವರಿಂದ ಸಂಗೀತ ಮಾಡಿಸಿ ವರ್ಷಗಟ್ಟಲೆ ದುಡಿದು ಮುಗಿಸಿದರು. 2020ರಲ್ಲಿ ಅದು ನೆಟ್‌ಫ್ಲಿಕ್ಸ್‌ಗೆ ಬಂತು. ಇವರ‍್ಯಾರೂ ಹಳ್ಳಿಯ ಡ್ರಾಯಿಂಗ್ ಪೀರಿಯಡ್ಡಿನಿಂದ ಮೇಲೆ ಬಂದವರಲ್ಲವಲ್ಲ, ಎಂದು ಕೇಳಬಹುದು. ನಿಜ. ಆದರೆ ಇಬ್ಬರ ದಾರಿಯಲ್ಲೂ ಒಂದು ಸಾಮ್ಯ ಇದೆ. ಮೊದಲು ಸಂಬಳ, ಆಮೇಲೆ ಕಲೆ. ಒಂದು ಸಿನಿಮಾಕ್ಕೆ ಐದಾರು ವರ್ಷ ಹಿಡಿದರೆ ತಡೆದುಕೊಳ್ಳುವ ಶಕ್ತಿ ಆ ಸಂಬಳದಿಂದ, ಆ ಓದಿನಿಂದ, ಆ ಪರಿಚಯಗಳಿಂದ ಬರುತ್ತದೆ. ಫರ್ಸಿ ಗಣಿಯಲ್ಲಿ ದಿನಗೂಲಿ ಮಾಡುವವನ ಮಗನಿಗೆ ಆ ಆಸರೆ ಎಲ್ಲಿಂದ ಬರಬೇಕು? ಅವನಿಗೆ ಬಂಡವಾಳ ಅಂತ ಇದ್ದರೆ ಕೈಯಲ್ಲಿರುವ ಗೆರೆ ಒಂದೇ. ಅದನ್ನೂ ನಾವು ಹದಿಮೂರು ಹದಿನಾಲ್ಕನೆಯ ವಯಸ್ಸಿಗೆ ಮೊಂಡು ಮಾಡಿ ಕಳಿಸುತ್ತೇವೆ.

ಇನ್ನೊಂದು ದಾರಿ ಇತ್ತು, ಅದು ಈಗ ಮುಚ್ಚಿದೆ. ಭಾರತೀಯ ಅನಿಮೇಷನ್ನಿನ ಪಿತಾಮಹ ಎನಿಸಿಕೊಂಡ ರಾಮ್ ಮೋಹನ್ ರಸಾಯನಶಾಸ್ತ್ರ ಓದುತ್ತಿದ್ದವರು. 1956ರಲ್ಲಿ ಮುಂಬೈಯಲ್ಲಿ ಕೇಂದ್ರ ಸರ್ಕಾರದ ಫಿಲ್ಮ್ಸ್ ಡಿವಿಜನ್ನಿನ ಕಾರ್ಟೂನ್ ವಿಭಾಗ ಸೇರಿದರು. ಡಿಸ್ನಿಯಲ್ಲಿ ‘ಬ್ಯಾಂಬಿ’, ‘ಪೀಟರ್ ಪ್ಯಾನ್’ ಚಿತ್ರಗಳಿಗೆ ದುಡಿದಿದ್ದ ಕ್ಲೇರ್ ವೀಕ್ಸ್ ಅಲ್ಲಿಗೆ ಬಂದು ಹುಡುಗರನ್ನು ತಯಾರು ಮಾಡಿದರು. ಜಾತಕ ಕಥೆಯೊಂದನ್ನು ಆಧರಿಸಿದ ‘ದ ಬ್ಯಾನಿಯನ್ ಡೀರ್’ ಆ ತಂಡದ್ದು, 1957ರದು. ಗಮನಿಸಬೇಕಾದ ಸಂಗತಿ ಎಂದರೆ ಕಲಿಯುವವನೇ ಫೀಸು ಕಟ್ಟಲಿಲ್ಲ, ಸರ್ಕಾರವೇ ಸಂಬಳ ಕೊಟ್ಟು ಕಲಿಸಿತು. ಅದೇ ರಾಮ್ ಮೋಹನ್ ಮುಂದೆ ಜಪಾನಿನ ಯುಗೊ ಸಾಕೊ ಜೊತೆ ಸೇರಿ ರಾಮಾಯಣದ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರ ಮಾಡಿದರು. ಆ ಫಿಲ್ಮ್ಸ್ ಡಿವಿಜನ್ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮವಾದ ಎನ್‌ಎಫ್‌ಡಿಸಿಯೊಳಗೆ ವಿಲೀನವಾಯಿತು. ದುಡ್ಡು ಕೊಟ್ಟು ಕಲಿಸುವ ಕಾಲ ಹೋಗಿ ದುಡ್ಡು ಕಿತ್ತು ಕಲಿಸುವ ಕಾಲ ಬಂದದ್ದಕ್ಕೆ ಬಡವರ ಮನೆಯ ಪ್ರತಿಭೆ ಎಷ್ಟು ಬೆಲೆ ತೆತ್ತಿತೋ ಯಾರೂ ಲೆಕ್ಕ ಇಟ್ಟಿಲ್ಲ.

ಉಳಿದದ್ದು ಪಂಡಿತರ ದಾರಿ. ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಈ ನೆಲದಿಂದ ಹೊರಟು ಗುರಿ ಮುಟ್ಟಿದ ದಾರಿ ಅದು. ನಿಜಾಮರ ಆಳ್ವಿಕೆಯ ಗುಲ್ಬರ್ಗದಲ್ಲಿ ಆ ಹುಡುಗನ ಕೈ ಹಿಡಿದವರು ಶಂಕರರಾವ್ ಆಳಂದಕರ್, ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಓದಿ ಊರಿಗೆ ಬಂದಿದ್ದ ಕಲಾವಿದರು. ಅಲ್ಲಿಂದ ಮದರಾಸಿನ ಡಿಪ್ಲೊಮಾ, ಆಮೇಲೆ ಮುಂಬೈ. ಮುಂಬೈಯಲ್ಲಿ ಮೊದಲು ಆಸರೆಯಾದದ್ದು ಕನ್ನಡಿಗರೇ ಆದ ಜಿ.ಎಸ್. ದಂಡಾವತಿಮಠ ಅವರ ನೂತನ ಕಲಾಮಂದಿರ. ಕರಾವಳಿಯ ಕಟ್ಟಿಂಗೇರಿಯಿಂದ ಹೋದ ಕೆ.ಕೆ. ಹೆಬ್ಬಾರರೂ ಅಲ್ಲಿಯೇ ಕಲಿತವರು. ಊರಲ್ಲೊಬ್ಬ ಗುರು, ಮಹಾನಗರದಲ್ಲಿ ನಮ್ಮವರದೇ ಒಂದು ಕಲಾಶಾಲೆ, ಅದರಾಚೆ ಜೆ.ಜೆ.: ಇಷ್ಟು ಇದ್ದುದರಿಂದ ಗುಲ್ಬರ್ಗದ ಹುಡುಗ ಗುಲ್ಬರ್ಗದಲ್ಲೇ ಉಳಿದುಹೋಗಲಿಲ್ಲ.

ಕಲಿತ ಮೇಲೆ ಪಂಡಿತರು ‘ಶುದ್ಧ ಕಲೆ’ಯ ಮಡಿ ಉಟ್ಟು ಕೂರಲಿಲ್ಲ. ಮೆಟ್ರೊ ಗೋಲ್ಡ್‌ವಿನ್ ಮೇಯರ್ ಕಂಪನಿಯ ಹಾಲಿವುಡ್ ಚಿತ್ರಗಳಿಗೆ ಷೋಕಾರ್ಡ್ ಬರೆದರು, ಬಾಬುರಾವ್ ಪಟೇಲರ ‘ಫಿಲ್ಮ್‌ಇಂಡಿಯಾ’ ಪತ್ರಿಕೆಗೆ ಮುಖಪುಟ ಬರೆದರು. ಚಿತ್ರಮಂದಿರದ ಮುಂದೆ ಹಾದುಹೋಗುವವನು ಅರೆಕ್ಷಣ ನಿಲ್ಲುವಂತೆ, ಮೂರು ತಾಸಿನ ಕಥೆಯ ಕಾವು ಒಂದೇ ಹಲಗೆಯಲ್ಲಿ ತಟ್ಟುವಂತೆ ಬರೆಯುವುದು ಅವರ ಕಸುಬು. ಮುಖದ ಮೇಲೆ ಬೆಳಕು ಎಲ್ಲಿಂದ ಬೀಳಬೇಕು, ಕಣ್ಣು ಯಾವ ಕಡೆ ತಿರುಗಿರಬೇಕು, ಸೆರಗು ಗಾಳಿಗೆ ಹಾರಿದರೆ ನೋಟ ಎತ್ತ ಓಡುತ್ತದೆ ಎಂಬ ತೀರ್ಮಾನಗಳೇ ಸಿನಿಮಾ ನಿರ್ದೇಶಕನ ತೀರ್ಮಾನಗಳೂ ಹೌದು. ಪುರಾಣದ ಪಾತ್ರಗಳಿಗೆ ಮಾಂಸಖಂಡ ತುಂಬಿ ಬರೆದ ಅವರ ಕ್ಯಾಲೆಂಡರುಗಳು ಮನೆಮನೆಯ ಗೋಡೆ ಸೇರಿದವು. ಕ್ಯಾಲೆಂಡರ್ ಕಲೆ ಎಂದು ವಿಮರ್ಶಕರು ಮೂಗು ಮುರಿದರು. ಮೂಗು ಮುರಿದವರ ಹೆಸರಿನಲ್ಲಿ ನಮ್ಮ ಜಿಲ್ಲೆಯಲ್ಲಿ ಯಾವ ಮಂದಿರವೂ ಇಲ್ಲ, ಇರಲಿ. ಪಂಡಿತರು ಕೊನೆಗೆ ಊರಿಗೇ ಮರಳಿದರು, 1993ರಲ್ಲಿ ತೀರಿಕೊಂಡರು.

ಪಂಡಿತರು ಅನಿಮೇಷನ್ ಮಾಡಿದವರಲ್ಲ. ಆದರೆ ಚಿತ್ರಗಾರನಿಗೂ ಅನಿಮೇಷನ್ ನಿರ್ದೇಶಕನಿಗೂ ನಡುವೆ ಇರುವ ಅಂತರ ನಾವು ತಿಳಿದಷ್ಟಿಲ್ಲ. 2005ರ ‘ಹನುಮಾನ್’ ನಿರ್ದೇಶಿಸಿದ ವಿ.ಜಿ. ಸಾಮಂತ್, ‘ಪ್ರಿಂಟೆಡ್ ರೇನ್‌ಬೋ’, ‘ಬಾಂಬೆ ರೋಸ್’ ಮಾಡಿದ ಗೀತಾಂಜಲಿ ರಾವ್ ಇಬ್ಬರೂ ಓದಿದ್ದು ಮುಂಬೈಯ ಜೆ.ಜೆ. ಕಲಾಸಂಸ್ಥೆಗಳಲ್ಲಿ. ಗೀತಾಂಜಲಿ ಕೆಲಸ ಕಲಿತದ್ದು ರಾಮ್ ಮೋಹನ್ ಸ್ಟುಡಿಯೊದಲ್ಲಿ. ಅವರ ‘ಬಾಂಬೆ ರೋಸ್’ 2019ರಲ್ಲಿ ವೆನಿಸ್ ಚಿತ್ರೋತ್ಸವದ ವಿಮರ್ಶಕರ ವಾರವನ್ನು ಉದ್ಘಾಟಿಸಿದ ಚಿತ್ರ. ಕಥೆಗೆ ಚಿತ್ರ ಬರೆಯುವವನಿಗೆ ಒಂದು ಘಳಿಗೆಯನ್ನು ಆರಿಸುವುದು ಗೊತ್ತಿರುತ್ತದೆ. ಅನಿಮೇಷನ್ನಿಗೆ ಬಂದಾಗ ಆ ಘಳಿಗೆಯಿಂದ ಮುಂದಿನದಕ್ಕೆ ಹೋಗುವುದನ್ನು ಕಲಿಯುತ್ತಾನೆ.

ಘಳಿಗೆ ಆರಿಸುವ ವಿದ್ಯೆಗೆ ಪಾಠಶಾಲೆ ಬೇಕೆಂದರೆ ಅದೂ ಇದೇ ಜಿಲ್ಲೆಯ ಚಿತ್ತಾಪುರ ಸೀಮೆಯಲ್ಲೇ ಇದೆ. ಸನ್ನತಿಯ ಹತ್ತಿರ, ಭೀಮಾ ನದಿಯ ದಂಡೆಯ ಕನಗನಹಳ್ಳಿಯ ಬೌದ್ಧ ಸ್ತೂಪ. ಸುಣ್ಣಕಲ್ಲಿನ ದೊಡ್ಡ ದೊಡ್ಡ ಫಲಕಗಳ ಮೇಲೆ ಜಾತಕ ಕಥೆಗಳು, ಬುದ್ಧನ ಬದುಕಿನ ಪ್ರಸಂಗಗಳು, ರಾಜರ ಚಿತ್ರಗಳು. ಹಲವು ಫಲಕಗಳಿಗೆ ಬ್ರಾಹ್ಮಿ ಲಿಪಿಯಲ್ಲಿ ಶೀರ್ಷಿಕೆ ಕೆತ್ತಿದ್ದಾರೆ. ರಾಣಿ, ಪರಿವಾರದವರ ನಡುವೆ ನಿಂತ ಅಶೋಕನನ್ನು ಹೆಸರು ಸಮೇತ ತೋರಿಸುವ ಫಲಕ ಇಲ್ಲಿಯದೇ. ಇತಿಹಾಸದವರು ಆ ಹೆಸರಿನ ಹಿಂದೆ ಬೀಳುವುದು ಸಹಜ. ಚಿತ್ರ ಕಲಿಯುವ ಹುಡುಗ ನೋಡಬೇಕಾದ್ದು ಬೇರೆ: ರಾಜ ಎಲ್ಲಿ ನಿಂತಿದ್ದಾನೆ, ಪರಿವಾರದವರ ಮೈ ಯಾವ ಕಡೆ ಬಾಗಿದೆ, ಇಷ್ಟು ಇಕ್ಕಟ್ಟಿನಲ್ಲೂ ಕಣ್ಣು ಮೊದಲು ಅವನ ಮೇಲೇ ಏಕೆ ಬೀಳುತ್ತದೆ, ಇಡೀ ಕಥೆಯಲ್ಲಿ ಶಿಲ್ಪಿ ಈ ಕ್ಷಣವನ್ನೇ ಏಕೆ ಹಿಡಿದ. ಚೌಕಟ್ಟು, ಅದರೊಳಗೆ ಕ್ರಿಯೆ, ಅದರ ಜೊತೆಗೆ ಎರಡು ಮಾತು. ಇವತ್ತಿನ ಸ್ಟೋರಿಬೋರ್ಡಿನ ಹಾಳೆಯಲ್ಲೂ ಇರುವುದು ಇದೇ. ಎರಡು ಸಾವಿರ ವರ್ಷದ ಹೆಮ್ಮೆ ಹೇಳಿಕೊಂಡರೆ ಹೊಟ್ಟೆ ತುಂಬುವುದಿಲ್ಲ, ಒಪ್ಪುತ್ತೇನೆ. ಆದರೆ ಅದರ ಮುಂದೆ ಕೂತು ನಕಲು ಬರೆದರೆ ಕೈ ತಯಾರಾಗುತ್ತದೆ. ಶಾಲೆಯ ಪ್ರವಾಸಕ್ಕೆ ಮಕ್ಕಳನ್ನು ಮೈಸೂರಿನ ತನಕ ಬಸ್ಸಿನಲ್ಲಿ ಕೊಂಡೊಯ್ಯುವ ನಾವು ಇಲ್ಲಿಗೆ ಒಂದು ಸ್ಕೆಚ್ ಪುಸ್ತಕ, ಪೆನ್ಸಿಲ್ ಕೊಟ್ಟು ಎಷ್ಟು ಮಕ್ಕಳನ್ನು ಕಳಿಸಿದ್ದೇವೆ?

ಚಿತ್ರವನ್ನು ಚಲಿಸುವಂತೆ ಮಾಡುವ ವಿದ್ಯೆಯೂ ನಮ್ಮ ಕಡೆ ಹೊಸದಲ್ಲ. ಕೊಪ್ಪಳ ಜಿಲ್ಲೆಯ ಮೊರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ತೊಗಲುಗೊಂಬೆಯವರ ಮನೆಯಲ್ಲಿ ಗೊಂಬೆ ಬರೆಯುವುದು, ಕತ್ತರಿಸುವುದು, ಕೀಲು ಕೂಡಿಸುವುದು, ಪರದೆಯ ಹಿಂದೆ ಆಡಿಸುವುದು, ದನಿ ಕೊಡುವುದು ಎಲ್ಲ ಒಂದೇ ಕುಟುಂಬದ ಕೆಲಸ. ಜರ್ಮನಿಯ ಲೊಟ್ಟೆ ರೈನಿಗರ್ ಕಾಗದದ ನೆರಳುಗೊಂಬೆಗಳನ್ನು ಚೌಕಟ್ಟು ಚೌಕಟ್ಟಾಗಿ ಸರಿಸಿ 1926ರಲ್ಲಿ ತೆಗೆದ ‘ಪ್ರಿನ್ಸ್ ಅಖ್ಮದ್’ ಇವತ್ತಿಗೆ ಉಳಿದಿರುವ ಅತಿ ಹಳೆಯ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರ. ನಮ್ಮ ಗೊಂಬೆಯವರ ಮಕ್ಕಳಿಗೆ ಒಂದು ಕ್ಯಾಮೆರಾ, ಒಬ್ಬ ಗುರು ಸಿಕ್ಕಿದ್ದರೆ ಎಂದು ಅನ್ನಿಸದೆ ಇರುವುದಿಲ್ಲ.

ಸರ್ಕಾರ ಸುಮ್ಮನೆ ಕೂತಿದೆ ಎಂದು ಹೇಳಿದರೆ ತಪ್ಪಾಗುತ್ತದೆ. ಅನಿಮೇಷನ್, ವಿಎಫ್‌ಎಕ್ಸ್, ಗೇಮಿಂಗ್, ಕಾಮಿಕ್ಸ್ ಕ್ಷೇತ್ರಕ್ಕೆ ದೇಶದಲ್ಲೇ ಮೊದಲು ನೀತಿ ತಂದ ರಾಜ್ಯ ಕರ್ನಾಟಕ, 2012ರಲ್ಲಿ. 2023ರಲ್ಲಿ ಬೆಂಗಳೂರಿನ ಮಹದೇವಪುರದಲ್ಲಿ ಉತ್ಕೃಷ್ಟತಾ ಕೇಂದ್ರ ಬಂತು. 2024ರಿಂದ 2029ರ ತನಕದ ಮೂರನೆಯ ನೀತಿ ಈಗ ಜಾರಿಯಲ್ಲಿದೆ. ದುಡ್ಡು, ಕಟ್ಟಡ, ಸಮ್ಮೇಳನ ಎಲ್ಲ ಇವೆ. ಆದರೆ ಇವೆಲ್ಲ ದಾರಿಯ ಕೊನೆಯ ಮೈಲಿಯಲ್ಲಿವೆ. ಅದೇ ಸರ್ಕಾರದ ಪ್ರೌಢಶಾಲೆಗಳಲ್ಲಿ ಡ್ರಾಯಿಂಗ್ ಮಾಸ್ತರು ನಿವೃತ್ತರಾದರೆ ಆ ಜಾಗಕ್ಕೆ ಇನ್ನೊಬ್ಬರು ಬರುವುದು ಅಪರೂಪ. ಇದ್ದವರಿಗೂ ಬಿಸಿಯೂಟದ ಲೆಕ್ಕ, ಗಣತಿ, ಚುನಾವಣೆಯ ಕೆಲಸ. ಡ್ರಾಯಿಂಗ್ ಪೀರಿಯಡ್ ಬಂತೆಂದರೆ ಗಣಿತದ ಸರ್ ಒಳಗೆ ಬರುತ್ತಾರೆ. ರಾಜ್ಯದ ಪರೀಕ್ಷಾ ಮಂಡಳಿ ನಡೆಸುವ ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗಳಿವೆ. ಕಟ್ಟಿಸಲು ಮಾಸ್ತರೇ ಇಲ್ಲದ ಊರಿನ ಮಗುವಿಗೆ ಹಾಗೊಂದು ಪರೀಕ್ಷೆ ಇದೆಯೆಂದೂ ತಿಳಿಯುವುದಿಲ್ಲ. ಮೇಲಿನ ಹಂತದಲ್ಲಿ ಕಲಬುರಗಿಯಲ್ಲೇ ದೃಶ್ಯಕಲಾ ಕಾಲೇಜುಗಳಿವೆ, ವಿಶ್ವವಿದ್ಯಾಲಯದಲ್ಲಿ ವಿಭಾಗವಿದೆ. ಅಲ್ಲಿಗೆ ತಯಾರಾಗಿ ಬರುವ ಮಕ್ಕಳು ಎಲ್ಲಿಂದ ಬರಬೇಕು?

ಕೃತಕ ಬುದ್ಧಿಮತ್ತೆ ಬಂದ ಮೇಲೆ ಇದನ್ನೆಲ್ಲ ಯಾಕೆ ಕಲಿಯಬೇಕು ಎನ್ನುವವರಿದ್ದಾರೆ. 2025ರಲ್ಲಿ ‘ಲವ್ ಯೂ’ ಎಂಬ ಕನ್ನಡ ಚಿತ್ರ ಪೂರ್ತಿ ಎಐ ಬಳಸಿ, ಹತ್ತು ಲಕ್ಷದಲ್ಲಿ ತಯಾರಾಯಿತೆಂದು ಪತ್ರಿಕೆಗಳು ಬರೆದವು. ನನ್ನ ಲೆಕ್ಕದಲ್ಲಿ ಈ ಬೆಳವಣಿಗೆ ಡ್ರಾಯಿಂಗ್ ಮಾಸ್ತರರ ಪರವಾಗಿಯೇ ಇದೆ. ಯಂತ್ರ ಮೊದಲು ಕಿತ್ತುಕೊಳ್ಳುವುದು ನಡುವಿನ ಚಿತ್ರ ತುಂಬುವ, ರೋಟೊ ಮಾಡುವ ಕೆಲಸಗಳನ್ನು. ಎಂದರೆ ಲಕ್ಷ ಫೀಸು ಕಟ್ಟಿ ಕಲಿತು ಬಂದವರ ಮೊದಲ ನೌಕರಿಯನ್ನೇ. ಕೊಡ ತುಂಬಿದ್ದು ಎಂದು ಹೇಗೆ ತೋರಿಸಬೇಕು, ಯಂತ್ರ ಕೊಟ್ಟ ಹತ್ತು ಚಿತ್ರಗಳಲ್ಲಿ ಒಂಬತ್ತು ಏಕೆ ಸುಳ್ಳು ಎಂದು ಹೇಳಬಲ್ಲವನು ಉಳಿಯುತ್ತಾನೆ.

ಮಾರುಕಟ್ಟೆಯ ಚಿಂತೆ ಮೊದಲಿನಷ್ಟಿಲ್ಲ. ಡಬ್ಬಿಂಗ್ ಬೇಡವೆಂಬ ನಮ್ಮ ಚಿತ್ರರಂಗದ ಪಟ್ಟು ಅನಿಮೇಷನ್ನಿನ ಮಟ್ಟಿಗೆ ಎಂದೂ ಅರ್ಥವಾಗದ ಮಾತಾಗಿತ್ತು; ಗೊಂಬೆಯ ಬಾಯಿಗೆ ತಾಯ್ನುಡಿ ಎಂಬುದು ಎಲ್ಲಿಯದು? ಆ ಕಟ್ಟು ಸಡಿಲಾಗಿದೆ. ಬೆಂಗಳೂರಿನ ಹೊಂಬಾಳೆ ಸಂಸ್ಥೆ ಅರ್ಪಿಸಿದ ‘ಮಹಾವತಾರ ನರಸಿಂಹ’ 2025ರಲ್ಲಿ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ತೆರೆಕಂಡು ನೂರಾರು ಕೋಟಿ ಗಳಿಸಿತು. ಪುಸ್ತಕದ ಚಿತ್ರಗಾರರಿಗೂ ಬೆಂಗಳೂರಿನ ಪ್ರಥಮ್ ಬುಕ್ಸ್‌ನಂಥ ಕಡೆ ಕೆಲಸವಿದೆ, ಲೇಖಕರ ಜೊತೆ ಅವರ ಹೆಸರೂ ಅಚ್ಚಾಗುತ್ತದೆ. ಶಹಾಬಾದದ ಹತ್ತಿರದ ವಾಡಿ ಜಂಕ್ಷನ್ನಿನಿಂದ ಸಿಕಂದರಾಬಾದಿಗೆ 1874ರಿಂದ ರೈಲಿದೆ, ಸುಮಾರು 200 ಕಿ.ಮೀ. ದಾರಿ, ಛೋಟಾ ಭೀಮನ ಸ್ಟುಡಿಯೊ ಆ ಕಡೆಗೇ ಇದೆ. ನಮಗೆ ಬೆಂಗಳೂರಿಗಿಂತ ಅದೇ ಹತ್ತಿರ.

ರಾಜ್ಯದ ಅನಿಮೇಷನ್ ನೀತಿ ಐಟಿ-ಬಿಟಿ ಇಲಾಖೆಯದು. 2023ರಲ್ಲಿ ಆ ಇಲಾಖೆಯ ಹೊಣೆ ಹೊತ್ತ ಪ್ರಿಯಾಂಕ್ ಖರ್ಗೆ ಚಿತ್ತಾಪುರದಿಂದ ಗೆದ್ದವರು. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಇದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ, ಶಾಲೆಗಳಿಗಾಗಿ ಮಂಡಳಿಯದೇ ‘ಅಕ್ಷರ ಆವಿಷ್ಕಾರ’ ಯೋಜನೆ ಇದೆ. ಇಂಥ ಹೊತ್ತಿನಲ್ಲಿ ಕೇಳಬೇಕಾದ್ದು ದೊಡ್ಡದೇನೂ ಅಲ್ಲ. ಶಹಾಬಾದ, ಚಿತ್ತಾಪುರ, ಸೇಡಂ, ಚಿಂಚೋಳಿ ತಾಲ್ಲೂಕುಗಳ ಸರ್ಕಾರಿ ಪ್ರೌಢಶಾಲೆಗಳಲ್ಲಿ ಖಾಲಿ ಬಿದ್ದ ಡ್ರಾಯಿಂಗ್ ಮಾಸ್ತರರ ಹುದ್ದೆಗಳನ್ನು ತುಂಬಿ. ಬಿಸಿಯೂಟದ ಲೆಕ್ಕ ಬೇರೆಯವರಿಗೆ ಕೊಡಿ. ಮಕ್ಕಳನ್ನು ವರ್ಷಕ್ಕೊಮ್ಮೆ ಕನಗನಹಳ್ಳಿಗೆ ಚಿತ್ರ ಬರೆಯಲು ಕಳಿಸಿ. ಹೈಯರ್ ಪರೀಕ್ಷೆ ಪಾಸಾದ ಬಡ ಮಕ್ಕಳ ದೃಶ್ಯಕಲಾ ಪದವಿಯ ಖರ್ಚನ್ನು ಮಂಡಳಿಯ ಅನುದಾನದಿಂದ ಭರಿಸಿ. ಈ ಊರುಗಳ ಹೆತ್ತವರಲ್ಲಿಯೂ ಒಂದು ಬೇಡಿಕೆ ಇದೆ. ಹೊಲ ಅಡವಿಡುವ ಮುಂಚೆ ನಿಮ್ಮೂರ ಸಾಲಿಗೆ ಹೋಗಿ ಹೆಡ್‌ಮಾಸ್ತರರನ್ನು ಕೇಳಿ: ಡ್ರಾಯಿಂಗ್ ಮಾಸ್ತರು ಯಾವಾಗ ಬರ್ತಾರ್ರಿ?